ಬಾದಾಮಿ ಹೊಂಡದ ಬೆಳಕು ಚಿತ್ರಿಸುವುದು ಹೇಗೆ: ಜಲವರ್ಣಕ್ಕೆ ಸಮಗ್ರ ಮಾರ್ಗದರ್ಶಿ

ಬಾದಾಮಿಯ ಅಗಸ್ತ್ಯ ತೀರ್ಥ ಎಂಬ ಹೊಂಡದ ದಂಡೆಯಲ್ಲಿ ಕೂತು ಮಾಡಿದ ಚಿತ್ರಗಳನ್ನು ಗೆಳೆಯರು, ಕಲಿಯುವ ಹುಡುಗರು ನನಗೆ ತೋರಿಸುತ್ತಲೇ ಇರುತ್ತಾರೆ. ಕೈ ಚೆನ್ನಾಗಿರುತ್ತದೆ. ಗುಡಿ ಗುಡಿಯ ಹಾಗೇ ಇರುತ್ತದೆ. ಆದರೂ ಚಿತ್ರ ಕೂಡಿಬಂದಿರುವುದಿಲ್ಲ. ಯಾಕೆ ಅಂತ ಹುಡುಕಿದರೆ ಹೆಚ್ಚಿನ ಸಲ ಸಿಗುವ ತಪ್ಪು ಒಂದೇ. ಗುಡಿಯ ಮೇಲಿನ ಬಿಸಿಲು ನಾಲ್ಕೂವರೆಯದು, ಗುಡ್ಡದ ನೆರಳು ಐದೂವರೆಯದು, ನೀರಿನ ಬಣ್ಣ ಆರು ಗಂಟೆಯದು. ಒಂದೇ ಹಾಳೆಯಲ್ಲಿ ಮೂರು ಹೊತ್ತು.

ಬೆಳಕು ಓಡುತ್ತದೆ, ಅದರ ಹಿಂದೆ ಕುಂಚವೂ ಓಡಿದರೆ ಹೀಗೇ ಆಗುತ್ತದೆ. ಒಂದು ಗಳಿಗೆ ಆರಿಸಿಕೊಳ್ಳಿ. ಅದರ ನೆರಳನ್ನು ಶುರುವಿನಲ್ಲೇ ಹಾಳೆಯ ಮೇಲೆ ಕಟ್ಟಿಹಾಕಿ. ಆಮೇಲೆ ಬೆಳಕು ಎಷ್ಟೇ ಚೆಂದಾಗಿ ಬದಲಾದರೂ ಆ ಗೆರೆ ದಾಟಬೇಡಿ. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ ಇವೆ. ಅವುಗಳ ಕ್ರಮ ಮಾತ್ರ ಬದಲಿಸಬೇಡಿ.

ಹಂತ 1: ಬಣ್ಣದ ಪೆಟ್ಟಿಗೆ ಇಲ್ಲದೆ ಒಮ್ಮೆ ಹೋಗಿ ಬನ್ನಿ

ಮೊದಲ ದಿನ ಚೀಲ ಮನೆಯಲ್ಲೇ ಇರಲಿ. ಒಂದು ಸಣ್ಣ ನೋಟ್‌ಬುಕ್, ಪೆನ್ನು, ಗಡಿಯಾರ ಸಾಕು. ಯಾವ ಹೊತ್ತಿಗೆ ಯಾವುದರ ಮೇಲೆ ಬಿಸಿಲು ಬೀಳುತ್ತದೆ ಅಂತ ಬರೆದುಕೊಳ್ಳುವುದಷ್ಟೇ ಅವತ್ತಿನ ಕೆಲಸ.

ದಿಕ್ಕು ಹೀಗಿದೆ. ಹೊಂಡದ ಪೂರ್ವಕ್ಕೆ ಭೂತನಾಥ ಗುಡಿ, ಪಶ್ಚಿಮಕ್ಕೆ ಊರು. ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹೆಗಳು. ಉತ್ತರದ ಗುಡ್ಡದ ಮೇಲೆ ಶಿವಾಲಯಗಳು, ಅದರ ಬುಡದಲ್ಲಿ ಮ್ಯೂಸಿಯಂ. ಊರ ಕಡೆಯ ಪಾವಟಿಗೆ (ಮೆಟ್ಟಿಲು) ಮೇಲೆ ಕೂತು ಗುಡಿ ನೋಡಿದರೆ ಬೆಳಿಗ್ಗೆ ಸೂರ್ಯ ಎದುರಿಗೆ ಬರುತ್ತಾನೆ. ಗುಡಿ, ಅದರ ಹಿಂದಿನ ಬಂಡೆ ಎಲ್ಲ ಕಪ್ಪಗೆ ಕಾಣುತ್ತವೆ, ಅಂಚು ಮಾತ್ರ ಹೊಳೆಯುತ್ತದೆ. ಸಂಜೆಗೆ ಸೂರ್ಯ ನಿಮ್ಮ ಬೆನ್ನ ಹಿಂದೆ. ಗುಡಿಯ ಮುಖ ಪಶ್ಚಿಮಕ್ಕಿರುವುದರಿಂದ ಬಿಸಿಲು ನೇರ ಅದರ ಮೇಲೇ ಬೀಳುತ್ತದೆ. ಅದೇ ಜಾಗ, ಅದೇ ಗುಡಿ. ಆದರೆ ಇವು ಎರಡು ಬೇರೆ ಚಿತ್ರಗಳು.

ಋತು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸಾಗುತ್ತಾನೆ. ಆಗ ಗುಹೆಗಳಿರುವ ಗುಡ್ಡದ ಹೊಂಡದ ಕಡೆಯ ಗೋಡೆ ದಿನವಿಡೀ ನೆರಳಲ್ಲೇ ಇರುತ್ತದೆ, ಎದುರಿನ ಉತ್ತರದ ಗುಡ್ಡ ದಿನವಿಡೀ ಬಿಸಿಲು ಕಾಯುತ್ತದೆ. ಸಂಜೆ ದಕ್ಷಿಣ ಗುಡ್ಡದ ನೆರಳು ನೀರಿನ ಮೇಲೆ ಬೇಗ ಹಬ್ಬುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಕಥೆ ಉಲ್ಟಾ. ಈ ತಿಂಗಳುಗಳಲ್ಲಿ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆಗ ಗುಹೆಗಳ ಗೋಡೆಯ ಮೇಲೂ ಬಿಸಿಲು ಸವರಿಕೊಂಡು ಹೋಗುತ್ತದೆ. ಫೋಟೊ ನೋಡಿ ಮನೆಯಲ್ಲಿ ಅಭ್ಯಾಸ ಮಾಡಿ, ಬೇರೆ ತಿಂಗಳಲ್ಲಿ ಬಂದು ಕೂತವರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ.

ಹೊತ್ತನ್ನೂ ಬರೆದುಕೊಳ್ಳಿ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸುಮಾರು 7 ಗಂಟೆಗೆ, ಡಿಸೆಂಬರ್‌ನಲ್ಲಿ ಸುಮಾರು 6 ಗಂಟೆಗೆ. ಆದರೆ ಗುಡ್ಡದ ನೆರಳು ಗುಡಿ ಮುಟ್ಟುವ ಹೊತ್ತು ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಅದನ್ನು ನೀವೇ ಕಣ್ಣಾರೆ ನೋಡಬೇಕು.

ಹಂತ 2: ಚೀಲದಲ್ಲಿ ಏನಿರಬೇಕು

ಕಾಗದದಲ್ಲಿ ಉಳಿತಾಯ ಬೇಡ. ಕನಿಷ್ಠ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಸ್ವಲ್ಪ ತರಿತರಿ ಇರುವ ಜಲವರ್ಣ ಕಾಗದ ತನ್ನಿ. ಹತ್ತಿಯ ಕಾಗದವಾದರೆ ಇನ್ನೂ ಒಳ್ಳೆಯದು. ಸಾದಾ ಡ್ರಾಯಿಂಗ್ ಹಾಳೆ ನೀರು ತಾಗಿದ ಕೂಡಲೇ ಉಬ್ಬಿ ಅಲೆಯಾಗುತ್ತದೆ, ಬಣ್ಣ ಆ ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ. ಹಾಳೆ ಚಿಕ್ಕದಿರಲಿ. ಸುಮಾರು 7 ಇಂಚು ಅಗಲ, 11 ಇಂಚು ಉದ್ದ ಸಾಕು. ದೊಡ್ಡ ಹಾಳೆ ತುಂಬಿಸುವಷ್ಟು ಹೊತ್ತು ಸಂಜೆಯ ಬೆಳಕು ನಿಮಗಾಗಿ ನಿಲ್ಲುವುದಿಲ್ಲ.

ಬಣ್ಣ ಆರು ಸಾಕು: ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಲೈಟ್ ರೆಡ್, ಅಲಿಜರಿನ್ ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ, ಸ್ಯಾಪ್ ಗ್ರೀನ್. ಕಪ್ಪು ಟ್ಯೂಬ್ ತರಲೇಬೇಡಿ, ಕೈಗೆ ಸಿಕ್ಕರೆ ಬಳಸುತ್ತೀರಿ. ಕ್ಯಾಮ್ಲಿನ್ ಟ್ಯೂಬ್‌ಗಳು ಸಾಕಷ್ಟಾಯಿತು. ಶಾಲೆಯ ಮಕ್ಕಳ ಬಿಲ್ಲೆ ಬಣ್ಣದಿಂದ ಮಾತ್ರ ಬಂಡೆಯ ಗಾಢ ನೆರಳು ಹೊರಡುವುದಿಲ್ಲ.

ಗುಂಡು ಕುಂಚ ನಂಬರ್ 12, 8, 4. ಒಂದು 2ಬಿ ಪೆನ್ಸಿಲ್, ಗಟ್ಟಿ ರಟ್ಟು ಅಥವಾ ಪ್ಲೈವುಡ್ ತುಂಡು, ಮಾಸ್ಕಿಂಗ್ ಟೇಪ್, ಹಳೇ ಹತ್ತಿ ಬಟ್ಟೆ. ನೀರಿಗೆ ಎರಡು ಡಬ್ಬಿ, ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣ ಕಲೆಸಲು. ತಲೆಗೆ ಅಗಲ ಅಂಚಿನ ಟೋಪಿ. ತಿನ್ನುವುದೇನಿದ್ದರೂ ಚೀಲದ ಒಳಗೇ ಇಟ್ಟು ಜಿಪ್ ಹಾಕಿ. ಇಲ್ಲಿನ ಮಂಗಗಳು ಪ್ಲಾಸ್ಟಿಕ್ ಕವರ್ ಸದ್ದಿಗೇ ಬರುತ್ತವೆ. ಹಸಿ ಚಿತ್ರದ ಮೇಲೆ ಮಂಗ ಕಾಲಿಟ್ಟರೆ ಅದನ್ನು ಸರಿಮಾಡುವ ದಾರಿಯಿಲ್ಲ.

ಹಂತ 3: ಕೂರುವ ಜಾಗ

ನಿಮ್ಮ ಹಾಳೆ ನೆರಳಲ್ಲಿರಬೇಕು. ಇದನ್ನು ಎಷ್ಟು ಹೇಳಿದರೂ ಜನ ಮರೆಯುತ್ತಾರೆ. ಬಿಳಿ ಹಾಳೆಗೆ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ, ಎಲ್ಲ ಬಣ್ಣವೂ ತೆಳುವಾಗಿ ಕಾಣುತ್ತದೆ, ನೀವು ಮೇಲೆ ಮೇಲೆ ಗಾಢ ಮಾಡುತ್ತಾ ಹೋಗುತ್ತೀರಿ. ಮನೆಗೆ ಬಂದು ನೋಡಿದರೆ ಚಿತ್ರ ಮಸಿ. ಮರ, ಗೋಡೆ ಏನೂ ಸಿಗದಿದ್ದರೆ ಬೆನ್ನು ಸೂರ್ಯನಿಗೆ ಕೊಟ್ಟು ನಿಮ್ಮದೇ ನೆರಳಲ್ಲಿ ಹಾಳೆ ಹಿಡಿಯಿರಿ.

ಶುರು ಮಾಡುವವರಿಗೆ ಊರ ಕಡೆಯ ದಂಡೆ, ಸಂಜೆ ಹೊತ್ತು ಒಳ್ಳೆಯದು. ಗುಹೆಗಳ ಮುಂದಿನ ಅಂಗಳದಿಂದ ಹೊಂಡ ಪೂರ್ತಿ ಕಾಣುತ್ತದೆ ನಿಜ, ಆದರೆ ಮೇಲಿನಿಂದ ನೋಡುವಾಗ ಪ್ರತಿಬಿಂಬದ ಲೆಕ್ಕ ಕಷ್ಟ. ಅದು ಮುಂದಿನ ಸಲಕ್ಕಿರಲಿ. ಬಟ್ಟೆ ಒಗೆಯುವವರ ಪಾವಟಿಗೆ ಬಿಟ್ಟು ಕೂರಿ. ಅವರಿಗೆ ಅದು ದಿನದ ಕೆಲಸದ ಜಾಗ.

ಹಂತ 4: ಮೂರು ಚಿಕ್ಕ ಚೌಕ, ಒಂದು ಗಡಿಯಾರ

ಇಡೀ ಮಾರ್ಗದರ್ಶಿಯಲ್ಲಿ ಜನ ಅತಿ ಜಾಸ್ತಿ ಬಿಟ್ಟುಬಿಡುವ ಹಂತ ಇದು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ.

ನೋಟ್‌ಬುಕ್‌ನಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ಮೂರು ಚೌಕ ಹಾಕಿ. ಕಣ್ಣು ಅರ್ಧ ಮುಚ್ಚಿ ನೋಡಿ. ವಿವರಗಳೆಲ್ಲ ಮಾಯವಾಗಿ ಬೆಳಕು, ನಡುಬಣ್ಣ, ಗಾಢ ಅಂತ ಮೂರೇ ತುಂಡು ಉಳಿಯುತ್ತವೆ. ಅವನ್ನು ಪೆನ್ಸಿಲ್‌ನಿಂದ ತುಂಬಿಸಿ. ಬೆಳಕಿಗೆ ಖಾಲಿ ಕಾಗದ, ನಡುವಿಗೆ ಓರೆ ಗೆರೆ, ಗಾಢಕ್ಕೆ ಒತ್ತಿ ತಿಕ್ಕಿದ ಕಪ್ಪು. ಮೂರು ಚೌಕದಲ್ಲಿ ಮೂರು ರೀತಿ ಜೋಡಿಸಿ ನೋಡಿ. ಒಂದರಲ್ಲಿ ಆಕಾಶ ಜಾಸ್ತಿ, ಒಂದರಲ್ಲಿ ನೀರು ಜಾಸ್ತಿ, ಇನ್ನೊಂದರಲ್ಲಿ ಬಂಡೆ. ಯಾವುದು ದೂರದಿಂದ ನೋಡಿದರೂ ತಿಳಿಯುತ್ತದೋ ಅದನ್ನೇ ಆರಿಸಿ.

ಆ ಚೌಕದ ಕೆಳಗೆ ಆಗಿನ ಸಮಯ ಬರೆಯಿರಿ. ಉದಾಹರಣೆಗೆ "5:10". ಸೂರ್ಯ ಯಾವ ಕಡೆ ಇದ್ದಾನೆ ಅಂತ ಒಂದು ಬಾಣದ ಗುರುತು ಹಾಕಿ. ಇನ್ನು ಮುಂದೆ ನಿಮ್ಮ ಚಿತ್ರದಲ್ಲಿ 5:10 ಮಾತ್ರ ಇರುತ್ತದೆ.

ಯಾಕಿಷ್ಟು ಕಟ್ಟುನಿಟ್ಟು? ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ 6 ಅಡಿ ಕಂಬದ ನೆರಳು ಸಮ ನೆಲದಲ್ಲಿ ಸುಮಾರು 24 ಅಡಿ ಇರುತ್ತದೆ. ಇನ್ನು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದು 48 ಅಡಿ ಹತ್ತಿರ ಹೋಗುತ್ತದೆ. ನೀವು ಆಕಾಶಕ್ಕೆ ಬಣ್ಣ ಹಚ್ಚಿ ಒಣಗಿಸುವಷ್ಟರಲ್ಲಿ ನೆರಳು ಎರಡು ಪಟ್ಟಾಗಿರುತ್ತದೆ.

ಹಂತ 5: ಪೆನ್ಸಿಲ್ ಗೆರೆ, ನೆರಳಿನ ಗಡಿ ಸಮೇತ

ಜಲವರ್ಣದ ಹಾಳೆಯಲ್ಲಿ ಮೊದಲ ಗೆರೆ ನೀರು ದಂಡೆಗೆ ತಾಗುವ ಗೆರೆ. ಅದು ಅಡ್ಡಕ್ಕೆ ಸಮನಾಗಿರಬೇಕು. ಸ್ವಲ್ಪ ಓರೆಯಾದರೂ ಹೊಂಡದ ನೀರು ಹರಿದು ಹೋಗುವಂತೆ ಕಾಣುತ್ತದೆ. ಆಮೇಲೆ ಗುಡ್ಡದ ಹೊರಗೆರೆ, ಗುಡಿಯ ಮಂಟಪ, ಶಿಖರ.

ಕೂಡಲೇ ನೆರಳಿನ ಅಂಚುಗಳನ್ನೂ ತೆಳುವಾಗಿ ಗೀಚಿ, ಒಳಗೆ "ನೆ" ಅಂತ ಬರೆಯಿರಿ. ಮೇಲೆ ಗಾಢ ಬಣ್ಣ ಬೀಳುವುದರಿಂದ ಅಕ್ಷರ ಮುಚ್ಚಿಹೋಗುತ್ತದೆ. ಎಲ್ಲ ಸೇರಿ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಗುಡಿಯ ಕಂಬ ಎಣಿಸುತ್ತಾ ಕೂತಿದ್ದೀರಿ ಅಂದರೆ ಎಚ್ಚರವಾಗಿ, ಹೊತ್ತು ಅಲ್ಲೇ ಸೋರಿ ಹೋಗುತ್ತಿದೆ.

ಹಂತ 6: ಮೊದಲ ತೆಳು ಬಣ್ಣ

ಆಕಾಶ, ಬಿಸಿಲು ಬಿದ್ದ ಬಂಡೆ, ನೀರು, ಮೂರಕ್ಕೂ ಒಂದೇ ಉಸಿರಿಗೆ ತೆಳು ಬಣ್ಣ ಕೊಡಿ. ರಟ್ಟನ್ನು ಸ್ವಲ್ಪ ಓರೆ ಹಿಡಿದು ಮೇಲಿನಿಂದ ಕೆಳಕ್ಕೆ ಬನ್ನಿ. ಸಂಜೆಯಾದರೆ ಈ ಮೊದಲ ಪದರದಲ್ಲಿ ಎಲ್ಲೆಡೆ ಯೆಲ್ಲೋ ಓಕರ್‌ನ ಸುಳಿವಿರಲಿ. ಬಿಸಿಲಿನ ಬಿಸಿ ಚಿತ್ರಕ್ಕೆ ಬರುವುದು ಇಲ್ಲಿಂದಲೇ. ಹಸಿಯಿದ್ದಾಗ ಕಾಣುವುದಕ್ಕಿಂತ ಜಲವರ್ಣ ಒಣಗಿದ ಮೇಲೆ ತೆಳುವಾಗುತ್ತದೆ. ಹಾಗಾಗಿ ಸ್ವಲ್ಪ ಜಾಸ್ತಿಯಾಯಿತು ಅನಿಸಿದರೂ ಹೆದರಬೇಡಿ.

ಒಣಗಿದೆಯೇ ಅಂತ ಬೆರಳಲ್ಲಿ ಮುಟ್ಟಿ ನೋಡಬೇಡಿ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ನೋಡಿ. ಹೊಳಪಿದ್ದರೆ ಇನ್ನೂ ಹಸಿ. ಹೊಳಪು ಆಗಷ್ಟೇ ಹೋಗಿದ್ದರೆ ಅರೆಹಸಿ, ಅದೇ ಅಪಾಯದ ಹೊತ್ತು. ಆಗ ನೀರು ತುಂಬಿದ ಕುಂಚ ತಾಗಿಸಿದರೆ ಹೂಕೋಸಿನ ಅಂಚಿನಂಥ ಕಲೆ ಮೂಡುತ್ತದೆ. ಮತ್ತೆ ತಿದ್ದಲು ಹೋದರೆ ಇನ್ನೂ ದೊಡ್ಡದಾಗುತ್ತದೆ. ಕಲೆ ಬಿದ್ದರೆ ಬಿಟ್ಟುಬಿಡಿ, ಪೂರ್ತಿ ಒಣಗಲಿ.

ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಬಣ್ಣ ಕುಂಚ ಎತ್ತುವ ಮುಂಚೆಯೇ ಒಣಗಿ ಗೆರೆ ಕಟ್ಟುತ್ತದೆ. ಅಂಥ ದಿನ ಹಾಳೆಯನ್ನು ಮೊದಲೇ ಒದ್ದೆ ಮಾಡಿಕೊಳ್ಳಿ. ಮಳೆಗಾಲದಲ್ಲಿ ಇದರ ಉಲ್ಟಾ, ಇಪ್ಪತ್ತು ನಿಮಿಷ ಕಾದರೂ ಒಣಗುವುದಿಲ್ಲ. ಆಗ ಎರಡು ಹಾಳೆ ಜೊತೆಗೆ ಇಟ್ಟುಕೊಂಡು ಒಂದು ಒಣಗುವಾಗ ಇನ್ನೊಂದರ ಮೇಲೆ ಕೆಲಸ ಮಾಡಿ.

ಹಂತ 7: ಬಂಡೆಗೆ ಕೆಂಪು ಬಳಿಯಬೇಡಿ

ಬಾದಾಮಿ ಅಂದ ಕೂಡಲೇ ಕೆಂಪು ಅಂತ ತಲೆಯಲ್ಲಿ ಕೂತಿದೆ. ಟ್ಯೂಬಿನಿಂದ ನೇರ ಲೈಟ್ ರೆಡ್ ತೆಗೆದು ಇಡೀ ಗುಡ್ಡಕ್ಕೆ ಬಳಿದರೆ ಅದು ಇಟ್ಟಿಗೆ ಗೋಡೆಯಾಗುತ್ತದೆ. ಒಂದು ಸಲ ಬಂಡೆಯ ಹತ್ತಿರ ಹೋಗಿ ನೋಡಿ. ಅಡ್ಡಡ್ಡ ಪದರ, ಉದ್ದುದ್ದ ಬಿರುಕು, ಮಳೆನೀರು ಇಳಿದು ಇಳಿದು ಬಿದ್ದ ಕಪ್ಪು ಪಟ್ಟಿಗಳು. ಒಂದು ಗೇಣು ಜಾಗದಲ್ಲೇ ಹಳದಿ, ಗುಲಾಬಿ, ಬೂದಿ, ತುಕ್ಕು ಬಣ್ಣ ಎಲ್ಲ ಇವೆ.

ಬಿಸಿಲಿನ ಕಡೆಗೆ ಯೆಲ್ಲೋ ಓಕರ್ ಮತ್ತು ಬರ್ಂಟ್ ಸಿಯೆನ್ನಾ ಸೇರಿಸಿ. ಸೂರ್ಯ ಇಳಿದಷ್ಟೂ ಅಲಿಜರಿನ್ ಒಂದು ಹನಿ ಹೆಚ್ಚಿಸಿ. ಸಂಜೆಯ ಬೆಳಕು ಗಾಳಿಯಲ್ಲಿ ತುಂಬಾ ದೂರ ಸಾಗಿ ಬರುತ್ತದೆ. ದಾರಿಯಲ್ಲಿ ಅದರ ನೀಲಿ ಚದುರಿಹೋಗಿ ಹಳದಿ, ಕೆಂಪು ಉಳಿಯುತ್ತದೆ. ಅಂದರೆ ಕೆಂಪು ಬಂಡೆಯ ಮೇಲೆ ಕೆಂಪು ಬೆಳಕು ಬಿದ್ದು ಅಷ್ಟು ಉರಿಯುವುದು. ಆ ಉರಿಯನ್ನು ಕಾಣಿಸುವುದು ಕೆಂಪು ಟ್ಯೂಬ್ ಅಲ್ಲ, ಪಕ್ಕದ ನೆರಳು.

ನೆರಳಿಗೆ ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಕಲೆಸಿ, ಸ್ವಲ್ಪ ಅಲಿಜರಿನ್ ಬಿಡಿ. ನೀಲಿ ಜಾಸ್ತಿಯಾದರೆ ತಂಪು ಬೂದಿ, ಸಿಯೆನ್ನಾ ಜಾಸ್ತಿಯಾದರೆ ಬೆಚ್ಚನೆ ಕಂದು. ನೆರಳಿಗೆ ಸೂರ್ಯನ ಬೆಳಕಿಲ್ಲ, ಆಕಾಶದ ನೀಲಿ ಬೆಳಕಿದೆ. ಅದಕ್ಕೇ ಅದು ನೇರಳೆ ಕಡೆ ಒಲಿಯುತ್ತದೆ. ಆದರೆ ಚಾಚಿದ ಬಂಡೆಯ ಕೆಳಭಾಗ ನೋಡಿ. ಎದುರಿನ ಬಿಸಿಲು ಬಂಡೆಯಿಂದ ಪುಟಿದು ಬಂದ ಬೆಳಕು ಅಲ್ಲಿ ಕಿತ್ತಳೆಯಾಗಿ ಕಾಣುತ್ತದೆ. ನೇರಳೆ ನೆರಳು ಹಸಿಯಿರುವಾಗಲೇ ಅಲ್ಲಿ ಸಿಯೆನ್ನಾದ ಒಂದು ಹನಿ ಇಳಿಸಿ. ಅದು ತಾನಾಗಿ ಹರಡಲಿ. ಕಲ್ಲಿಗೆ ಜೀವ ಬರುವುದು ಆ ಒಂದು ಹನಿಯಿಂದ.

ಇಡೀ ನೆರಳನ್ನು ಒಂದೇ ತುಂಡಾಗಿ, ಒಂದೇ ಸಲ ಹಚ್ಚಿ. ತೇಪೆ ಹಾಕಿದಂತೆ ತುಂಡು ತುಂಡಾಗಿ ಹಚ್ಚುತ್ತಿದ್ದೀರಿ ಎಂದರೆ ಕುಂಚ ಚಿಕ್ಕದಾಯಿತು ಅಂತ ಅರ್ಥ. 12 ತೆಗೆದುಕೊಳ್ಳಿ.

ಹಂತ 8: ನೀರು

ಇಲ್ಲಿ ನಿಧಾನವಾಗಿ ಓದಿ. ಚಿತ್ರ ನಿಲ್ಲುವುದೂ ಬೀಳುವುದೂ ಇಲ್ಲೇ.

ಕೆಲವು ವರ್ಷದ ಹಿಂದೆ ಪಾವಟಿಗೆ ಮೇಲೆ ಕೂತು ನೀರಿಗೆ ನೀಲಿ ಹಚ್ಚುತ್ತಿದ್ದೆ. ಬಟ್ಟೆ ಹಿಂಡುತ್ತಿದ್ದ ಅಜ್ಜಿಯೊಬ್ಬರು ಬಂದು ಬಗ್ಗಿ ನೋಡಿದರು. "ಏನ್ರೀ ತಮ್ಮಾರ, ನೀರು ನೀಲಿ ಎಲ್ಲೈತ್ರೀ? ಇಲ್ಲಿ ಹಸರ ಐತಿ, ಅಲ್ಲಿ ಗುಡ್ಡದ ಬಣ್ಣ ಐತಿ" ಅಂದರು. ನೀರಿನ ಪಾಠ ಇದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಿಲ್ಲ. ನಿಮ್ಮ ಕಾಲ ಬಳಿಯ ನೀರನ್ನು ನೀವು ಮೇಲಿನಿಂದ ನೋಡುತ್ತೀರಿ, ಅಲ್ಲಿ ನೀರಿನ ಒಳಗಿನ ಹಸಿರು, ಮುಳುಗಿದ ಪಾವಟಿಗೆ ಕಾಣುತ್ತವೆ. ದೂರದ ನೀರನ್ನು ಓರೆಯಾಗಿ ನೋಡುತ್ತೀರಿ, ಅಲ್ಲಿ ಅದು ಕನ್ನಡಿ. ಹತ್ತಿರ ನೀರಿನ ಬಣ್ಣ, ದೂರ ಬಂಡೆಯ ಬಣ್ಣ, ನಡುವೆ ಒಂದು ಇನ್ನೊಂದರಲ್ಲಿ ಕರಗಬೇಕು.

ಪ್ರತಿಬಿಂಬ ಬಿಡಿಸುವಾಗ ನಾಲ್ಕು ಮಾತು ನೆನಪಿಡಿ. ಪ್ರತಿಬಿಂಬ ಯಾವಾಗಲೂ ನೇರ ಕೆಳಕ್ಕೆ ಬೀಳುತ್ತದೆ, ನೆರಳಿನ ಹಾಗೆ ಓರೆ ಹೋಗುವುದಿಲ್ಲ. ಇವೆರಡನ್ನು ಬೆರೆಸುವುದು ಅತಿ ಸಾಮಾನ್ಯ ತಪ್ಪು. ಬೆಳಕಿನ ವಸ್ತು ನೀರಲ್ಲಿ ಸ್ವಲ್ಪ ಮಂಕು, ಗಾಢ ವಸ್ತು ನೀರಲ್ಲಿ ಸ್ವಲ್ಪ ತೆಳು. ದಂಡೆಗೆ ತಾಗಿದ ಗುಡಿ ಪೂರ್ತಿ ಉದ್ದ ಪ್ರತಿಬಿಂಬಿಸುತ್ತದೆ, ಆದರೆ ಅದರ ಹಿಂದಿನ ಗುಡ್ಡ ನೀರಲ್ಲಿ ತಗ್ಗಾಗಿ ಕಾಣುತ್ತದೆ. ನೀರಿನ ಕನ್ನಡಿ ಆ ನೋಟವನ್ನು ಕೆಳಗಿನಿಂದ ನೋಡಿದಂತೆ ತೋರಿಸುವುದರಿಂದ ಗುಡಿ ಗುಡ್ಡವನ್ನು ಹೆಚ್ಚು ಮರೆಮಾಡುತ್ತದೆ. ಮೇಲಿನ ಚಿತ್ರವನ್ನೇ ತಲೆಕೆಳಗು ನಕಲು ಮಾಡಿದರೆ ತಪ್ಪಾಗುವುದು ಇದಕ್ಕೇ. ಕೊನೆಯದು ಗಾಳಿ. ಗಾಳಿ ಸವರಿದ ಕಡೆ ನೀರು ಬಂಡೆಯ ಬಿಂಬ ಬಿಟ್ಟು ಆಕಾಶದ ಬೆಳಕು ಹಿಡಿಯುತ್ತದೆ, ಅಡ್ಡಕ್ಕೆ ಬಿಳಿ ಪಟ್ಟಿ ಎದ್ದಂತೆ ಕಾಣುತ್ತದೆ.

ಕೆಲಸದ ಕ್ರಮ ಹೀಗೆ. ನೀರಿನ ಭಾಗ ಪೂರ್ತಿ ಒದ್ದೆ ಮಾಡಿ. ಬಂಡೆಯ ಬಣ್ಣವನ್ನೇ ಸ್ವಲ್ಪ ಮಂಕಾಗಿಸಿ ಮೇಲಿನಿಂದ ಕೆಳಕ್ಕೆ ನೇರ ಎಳೆಯಿರಿ. ಕೆಳಗೆ ಬರುತ್ತಾ ಸ್ಯಾಪ್ ಗ್ರೀನ್‌ಗೆ ಒಂದು ಚೂರು ಸಿಯೆನ್ನಾ ಸೇರಿಸಿ ಅದರಲ್ಲಿ ಕೂಡಿಸಿ. ಹೊಳಪು ಇನ್ನೂ ಇರುವಾಗಲೇ ಕುಂಚ 8ನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ, ಆ ಅರೆ ಒಣ ಕುಂಚದಿಂದ ಅಡ್ಡಕ್ಕೆ ಒಂದೇ ಸಲ ಎಳೆದು ಬಣ್ಣ ಎತ್ತಿ. ಅದೇ ಗಾಳಿಯ ಪಟ್ಟಿ. ಎರಡು ಪಟ್ಟಿ ಸಾಕು. ಐದಾರು ಎಳೆದರೆ ಹೊಂಡ ಹೋಗಿ ಸಮುದ್ರವಾಗುತ್ತದೆ.

ಮಳೆಗಾಲದಲ್ಲಿ ಬಂದರೆ ಬೇರೆ ಲೆಕ್ಕ. ಜೋರು ಮಳೆಗೆ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ಗುಡ್ಡದ ಮಣ್ಣು ನೀರಿಗೆ ಇಳಿಯುತ್ತದೆ. ತಿಳಿನೀರಿನ ಮೇಲೆ ನೆರಳು ಸರಿಯಾಗಿ ಬೀಳುವುದಿಲ್ಲ, ಕದಡಿದ ನೀರಿನ ಮೇಲೆ ಬೀಳುತ್ತದೆ. ಆಗ ಪ್ರತಿಬಿಂಬದ ಜೊತೆಗೆ ಗುಡ್ಡದ ನೆರಳಿನ ಗಡಿಯನ್ನೂ ತೋರಿಸಬೇಕು. ಬೇಸಿಗೆಯಲ್ಲಿ ನೀರು ಇಳಿದು ಪಾವಟಿಗೆ ಎಣಿಸುವಂತಾಗುತ್ತದೆ, ಹಸಿರು ದಪ್ಪಗಾಗುತ್ತದೆ. ಹಿಂದಿನ ಸಲದ ಬಣ್ಣದ ಅಳತೆ ಈ ಸಲ ನಡೆಯುವುದಿಲ್ಲ.

ಹಂತ 9: ಕೊನೆಯ ಗಾಢ ಚುಕ್ಕೆಗಳು

ಎಲ್ಲ ಒಣಗಿದ ಮೇಲೆ ಕುಂಚ 4 ತೆಗೆಯಿರಿ. ಮಂಟಪದ ಕಂಬಗಳ ನಡುವಿನ ಕತ್ತಲು, ಬಂಡೆಯ ಒಂದೆರಡು ಬಿರುಕು, ದಂಡೆ ನೀರಿಗೆ ತಾಗುವ ಸಣ್ಣ ಗೆರೆ. ಇವಕ್ಕೆ ಅಲ್ಟ್ರಾಮರೀನ್, ಸಿಯೆನ್ನಾ ಎರಡನ್ನೂ ದಪ್ಪಗೆ ಕಲೆಸಿ. ಬಟ್ಟೆ ಒಗೆಯುವವರನ್ನು ಹಾಕುವುದಾದರೆ ತಲೆಗೆ ಒಂದು ಚುಕ್ಕೆ, ಮೈಗೆ ಒಂದು ಗೀಟು, ಅವರ ಪ್ರತಿಬಿಂಬ ಒಂದು ಗೀಟು. ಕಣ್ಣು ಮೂಗು ಬೇಡ.

ಈ ಹೊತ್ತಿಗೆ ಹೊರಗೆ 5:10 ಮುಗಿದು ಆಕಾಶ ಕೆಂಪೇರಿರುತ್ತದೆ. ಕೈ ತುರಿಸುತ್ತದೆ, ಅಲ್ವಾ? ಚಿಕ್ಕ ಚೌಕ ತೆಗೆದು ನೋಡಿ, ಎದುರಿನ ಗುಡ್ಡ ನೋಡಬೇಡಿ. ಆ ಕೆಂಪು ಆಕಾಶ ಬೇಕೇ ಬೇಕು ಅನಿಸಿದರೆ ಹೊಸ ಹಾಳೆ ತೆಗೆಯಿರಿ. ಫ್ರೆಂಚ್ ಚಿತ್ರಕಾರ ಮೋನೆ ಕೂಡ ಬೆಳಕು ಬದಲಾದಾಗ ಚಿತ್ರ ತಿದ್ದುತ್ತಿರಲಿಲ್ಲ, ಮುಂದಿನ ಕ್ಯಾನ್ವಾಸಿಗೆ ಹೋಗುತ್ತಿದ್ದ.

ಚಿತ್ರ ಮುಗಿಯದಿದ್ದರೆ ಮರುದಿನ ಅದೇ ಪಾವಟಿಗೆಗೆ, ಅದೇ ಐದು ಗಂಟೆಗೆ ಬನ್ನಿ. ಒಂದೆರಡು ದಿನದಲ್ಲಿ ನೆರಳು ಕಣ್ಣಿಗೆ ಕಾಣುವಷ್ಟು ಸರಿಯುವುದಿಲ್ಲ. ತಿಂಗಳು ಬಿಟ್ಟು ಬಂದರೆ ಆ ಹಾಳೆ ಮುಂದುವರಿಸಬೇಡಿ.

ಹಂತ 10: ಮನೆಗೆ ಹೊರಡುವ ಮುಂಚೆ

ಹಾಳೆಯ ಹಿಂದೆ ತಾರೀಖು, ಹೊತ್ತು, ಕೂತ ಜಾಗ, ನೀರು ಎಷ್ಟನೇ ಪಾವಟಿಗೆವರೆಗೆ ಇತ್ತು ಅಂತ ಬರೆಯಿರಿ. ಹೀಗೆ ನಾಲ್ಕಾರು ಹಾಳೆ ಸೇರಿದರೆ ಮುಂದಿನ ವರ್ಷ ಯಾವ ತಿಂಗಳು ಎಷ್ಟು ಗಂಟೆಗೆ ಎಲ್ಲಿ ಕೂರಬೇಕು ಅಂತ ಯಾರನ್ನೂ ಕೇಳಬೇಕಿಲ್ಲ.

ಕುಂಚ, ಬಣ್ಣದ ತಟ್ಟೆ ಹೊಂಡದಲ್ಲಿ ತೊಳೆಯಬೇಡಿ. ಕೊಳೆ ನೀರನ್ನು ಬಾಟಲಿಯಲ್ಲೇ ಮುಚ್ಚಿ ಮನೆಗೆ ಒಯ್ಯಿರಿ. ಟೇಪ್ ಅಲ್ಲೇ ಕೀಳಬೇಡಿ. ಹಾಳೆ ರಟ್ಟಿನ ಮೇಲೇ ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ಟೇಪನ್ನು ಚಿತ್ರದಿಂದ ಹೊರಕ್ಕೆ ಓರೆಯಾಗಿ, ನಿಧಾನ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಕಾಗದದ ಸಿಪ್ಪೆ ಜೊತೆಗೇ ಎದ್ದು ಬರುತ್ತದೆ.